ಮಂಗಳವಾರದ ಬಾಟಲಿ

ಜಗತ್ತಿನಲ್ಲಿ ನೀರು ಕಂಡರಾಗದ ಪ್ರಾಣಿಗಳು ಎರಡೇ ಎರಡು. ಒಂದು ಬೆಕ್ಕು, ಇನ್ನೊಂದು ನಮ್ಮ ಭಾವ. ಬೆಕ್ಕಾದರೂ ನೀರು ಕಂಡರೆ ತಾನು ಓಡುತ್ತದೆ. ಭಾವ ನೀರನ್ನೇ ಓಡಿಸುತ್ತಾರೆ! ಮೂವತ್ತು ವರ್ಷಗಳಿಂದ ಅವರ ಹೊಟ್ಟೆಪಾಡು ಅದೇ. ಠಾಣೆ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಎಲ್ಲೆಲ್ಲಿ ದೊಡ್ಡ ಕಟ್ಟಡಕ್ಕಾಗಿ ಆಳದ ಹೊಂಡ ತೋಡುತ್ತಾರೋ ಅಲ್ಲೆಲ್ಲ ಅವರು ಹಾಜರು. ಹೊಂಡದ ಸುತ್ತ ಕೊಳವೆ ಇಳಿಸಿ, ಪಂಪು ಕೂರಿಸಿ, ನೆಲದಡಿಯ ನೀರನ್ನು ಎಳೆದೆಳೆದು ಗಟಾರಕ್ಕೆ ಬಿಟ್ಟು, ಕೆಳಗೆ ಕೆಲಸ ಮಾಡುವವರ ಕಾಲು ಒದ್ದೆಯಾಗದಂತೆ ನೋಡಿಕೊಳ್ಳುವುದು ಅವರ ಉದ್ಯೋಗ. ಅವರ ತಂದೆ ಉಡುಪಿಯ ಹತ್ತಿರದ ಊರಿನಲ್ಲಿ ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬಾವಿಗೆ ಜಾಗ ತೋರಿಸುತ್ತಿದ್ದವರು. ಅಪ್ಪ ಜೀವಮಾನವಿಡೀ ಹುಡುಕಿದ ನೀರನ್ನು ಮಗ ಜೀವಮಾನವಿಡೀ ಚೆಲ್ಲುತ್ತಿದ್ದಾನೆ ಎಂದು ಊರವರು ಈಗಲೂ ಆಡಿಕೊಳ್ಳುತ್ತಾರೆ. ನಾನೂ ಆಡಿಕೊಳ್ಳುತ್ತೇನೆ. ಅಕ್ಕನ ಗಂಡನನ್ನು ಗೇಲಿ ಮಾಡುವ ಹಕ್ಕು ಭಾವಮೈದುನನಿಗಿಲ್ಲದೆ ಇನ್ನಾರಿಗಿದೆ ಹೇಳಿ?

ಈ ಮನುಷ್ಯನಿಗೆ ಒಂದು ರೋಗ. ಕುಡಿಯಲು ಏನು ಕೊಟ್ಟರೂ ಕೂಡಲೇ ಕುಡಿಯುವುದಿಲ್ಲ. ಎದುರಿಗಿಟ್ಟು, ಅಲುಗಾಡದಂತೆ ನಿಲ್ಲಲು ಬಿಟ್ಟು, ತಳದಲ್ಲಿ ಏನು ಕೂರುತ್ತದೆ ಎಂದು ನೋಡಿ, ಆಮೇಲೆ ತುಟಿಗೆ. ಹೆಣ್ಣು ನೋಡಲು ಬಂದ ದಿನವೇ ನಮಗೆ ಅದರ ದರ್ಶನವಾಯಿತು. ಅಕ್ಕ ಗಾಜಿನ ಲೋಟದಲ್ಲಿ ಕಾಫಿ ಕೊಟ್ಟಳು. ಹುಡುಗ ಲೋಟವನ್ನು ಎದುರಿಗಿಟ್ಟು ತಲೆ ತಗ್ಗಿಸಿ ಕೂತವನು ಹತ್ತು ನಿಮಿಷವಾದರೂ ತಲೆ ಎತ್ತಲಿಲ್ಲ. "ಎಷ್ಟು ನಾಚಿಕೆಯ ಹುಡುಗ! ಈ ಕಾಲದಲ್ಲಿ ಸಿಗ್ಲಿಕ್ಕೆ ಪುಣ್ಯ ಬೇಕು," ಎಂದು ಅಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡರು. ಹುಡುಗ ನಾಚಿದ್ದಲ್ಲ, ಕಾಫಿಯ ಗಸಿ ನೋಡುತ್ತಿದ್ದ ಎನ್ನುವುದು ಮದುವೆಯಾಗಿ ಎಂಟು ದಿನಕ್ಕೆ ಅಕ್ಕನಿಗೆ ತಿಳಿಯಿತು. ಆಗ ತಿಳಿದು ಏನು ಪ್ರಯೋಜನ?

ಡೊಂಬಿವಲಿಯಲ್ಲಿ ನಮ್ಮವರದೊಂದು ಹೋಟೆಲಿದೆ. ಅಲ್ಲಿ ಭಾವ ಇಡ್ಲಿಯ ಜೊತೆಗೆ ಸಾಂಬಾರನ್ನು ಬಟ್ಟಲಿನಲ್ಲಿ ತರಿಸುವುದಿಲ್ಲ. ಗಾಜಿನ ಲೋಟವೇ ಆಗಬೇಕು. ಒಂದು ದಿನ ಗಲ್ಲೆಯಲ್ಲಿ ದುಡ್ಡು ಎಣಿಸುತ್ತ ಕೂತಿದ್ದ ಧಣಿ ತಡೆಯಲಾರದೆ ಎದ್ದು ಬಂದರು.

"ಎಂತ ಸ್ವಾಮಿ, ಸಾಂಬಾರಲ್ಲಿ ಏನಾದ್ರೂ ಬಿದ್ದಿದೆಯಾ?"

"ಬಿದ್ದಿಲ್ಲ. ಬೀಳ್ಬೇಕಾದ್ದೇ ಬಿದ್ದಿಲ್ಲ. ಹೋದ ವಾರ ತಳದಲ್ಲಿ ಮುಕ್ಕಾಲು ಇಂಚು ಬೇಳೆ ಇತ್ತು. ಈ ವಾರ ಅರ್ಧ ಇಂಚು!"

ಅಂದಿನಿಂದ ಭಾವ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಧಣಿಗಳೇ ಒಳಗೆ ಕೂಗಿ ಹೇಳುತ್ತಾರೆ, ಪಾತ್ರೆಯ ಅಡಿಯಿಂದ ಸೌಟು ಹಾಕಿ ಎಂದು. ನಾನು ಅವರ ಜೊತೆಗೆ ಹೋದರೆ ನನಗೂ ಗಟ್ಟಿ ಸಾಂಬಾರು ಸಿಗುತ್ತದೆ ಎನ್ನುವುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ.

ಇಂಥವರು ವಾರಕ್ಕೊಮ್ಮೆ ಸಿಕ್ಕರೆ ಚಂದ. ದಿನಾ ಸಿಕ್ಕರೆ? ನನ್ನ ಗ್ರಹಚಾರ, ಹಾಗೆಯೇ ಆಯಿತು. ನಾವಿರುವುದು ಠಾಣೆಯಲ್ಲಿ, ಒಂದು ಕೆರೆಯ ದಂಡೆಯ ಹಳೆಯ ಕಟ್ಟಡದಲ್ಲಿ. ಮೂರು ಮಹಡಿ, ಹದಿನಾರು ಸಂಸಾರ. ನಮ್ಮ ಪಕ್ಕದ ಕಟ್ಟಡವನ್ನು ಕೆಡವಿ ದೊಡ್ಡ ಟವರ್ ಎಬ್ಬಿಸುತ್ತೇವೆಂದು ಒಬ್ಬ ಬಿಲ್ಡರ್ ಬಂದ. ಟವರ್ ಮೇಲಕ್ಕೆ ಹೋಗುವ ಮೊದಲು ಕಾರು ನಿಲ್ಲಿಸುವುದಕ್ಕಾಗಿ ಎರಡು ಅಂತಸ್ತು ಕೆಳಕ್ಕೆ ಹೋಗಬೇಕಂತೆ. ಠಾಣೆಯಲ್ಲಿ ಮನುಷ್ಯರಿಗೆ ಮನೆ ಸಿಗದಿದ್ದರೂ ಕಾರುಗಳಿಗೆ ಪಾತಾಳದಲ್ಲಾದರೂ ಜಾಗ ಮಾಡಿಕೊಡುತ್ತಾರೆ. ಹೊಂಡದ ನೀರು ತೆಗೆಯುವ ಕೆಲಸ ಭಾವ ಕೆಲಸ ಮಾಡುವ ಕಂಪನಿಗೇ ಸಿಕ್ಕಿತು. ದಿನಾ ಬೆಳಿಗ್ಗೆ ಠಾಕುರ್ಲಿಯ ಮನೆಯಿಂದ ಸ್ಲೋ ಲೋಕಲ್ ರೈಲು ಹಿಡಿದು ಬರುವುದು, ಮಧ್ಯಾಹ್ನ ನಮ್ಮಲ್ಲಿ ಊಟ, ಊಟದ ಮೇಲೆ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೆಳಗಿನ ಹೊಂಡಕ್ಕೆ ಕಣ್ಣು ಹಾಕುವುದು ಅವರ ದಿನಚರಿಯಾಯಿತು.

ಒಂದು ದಿನ ನಾನು ಅವರನ್ನು ಕೆಣಕಿದೆ. "ಭಾವ, ಕೆರೆ ಆ ಕಡೆ, ಹೊಂಡ ಈ ಕಡೆ. ನಡುವೆ ನಾವಿದ್ದೇವೆ. ಕೆರೆ ನೀರು ಹೊಂಡಕ್ಕೆ ಹೇಗೆ ಬರ್ತದೆ? ರಿಕ್ಷಾ ಹಿಡಿದುಕೊಂಡಾ?"

"ಅದೇ ನಾನು ಹೇಳುದು ಮಾರಾಯ. ನಡುವೆ ನೀವಿದ್ದೀರಿ," ಎಂದರು ಭಾವ. "ನೀರು ನಿನ್ನ ಮನೆ ಅಡಿಯಿಂದ ಬರುದು. ನೀರು ಬರ್ಲಿ, ಬೇಡ ಅನ್ನುದಿಲ್ಲ. ಅದರ ಜೊತೆ ಮಣ್ಣು ಬರ್ಬಾರ್ದು. ಮಣ್ಣು ಬಂತು ಅಂದ್ರೆ ಯಾರದೋ ಮನೆ ಬುಡದಿಂದ ಬಂತು ಅಂತ ಅರ್ಥ."

"ಯಾರದೋ ಅಂದ್ರೆ?"

"ಇನ್ಯಾರದ್ದು? ನಿನ್ನದೇ!"

ಮಣ್ಣು ಬರಬಾರದೆಂದೇ ಭಾವನ ಕೊಳವೆಗಳಿಗೆ ಸಣ್ಣ ಕಣ್ಣಿನ ಬಲೆ ಸುತ್ತಿ, ಸುತ್ತಲೂ ಜಲ್ಲಿ ತುಂಬಿ ಇಳಿಸುತ್ತಾರೆ. ಅಷ್ಟಕ್ಕೇ ಅವರ ಸಮಾಧಾನವಿಲ್ಲ. ದಿನಾ ಪಂಪಿನ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದು, ಒಂದಿಡೀ ದಿನ ಅಲುಗಾಡದಂತೆ ಇಟ್ಟು, ಮರುದಿನ ತಳ ನೋಡಬೇಕು. ತಳ ಸ್ವಚ್ಛವಾಗಿದ್ದರೆ ಕಟ್ಟಡ ಕ್ಷೇಮ. ವಾರಕ್ಕೆ ಏಳು ಬಾಟಲಿ. ಸೈಟಿನಲ್ಲಿ ಲಾರಿ, ಜೆಸಿಬಿ ಓಡಾಡಿ ನೆಲ ನಡುಗುತ್ತದೆಂದು ಬಾಟಲಿಗಳ ವಾಸ ಎಲ್ಲಿ? ನಮ್ಮ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ! ನನ್ನ ಹೆಂಡತಿಯ ಶರಬತ್ತಿನ ಬಾಟಲಿಗಳನ್ನೆಲ್ಲ ತೊಳೆದು, ಒಂದೊಂದಕ್ಕೂ ಚೀಟಿ ಅಂಟಿಸಿ, ಅಚ್ಚಗನ್ನಡದಲ್ಲಿ ಸೋಮ, ಮಂಗಳ, ಬುಧ ಎಂದು ದುಂಡಗೆ ಬರೆದರು. "ಅಣ್ಣ, ಇದು ಅಡುಗೆಮನೆಯಾ, ರಕ್ತ ಪರೀಕ್ಷೆ ಮಾಡುವ ಜಾಗವಾ?" ಎಂದು ಹೆಂಡತಿ ಕೇಳಿದರೆ, "ಒಂದೇ ಅಲ್ವಾ ತಂಗಿ, ಇದು ನಿಮ್ಮ ಕಟ್ಟಡದ ರಕ್ತ," ಎಂದರು. ಊಟದ ಹೊತ್ತಿನಲ್ಲಿ ಆಡುವ ಮಾತೇ ಅದು?

ಇದರ ಮಧ್ಯೆ ಇನ್ನೊಂದು ಚಂದ ಕೇಳಿ. ಅದೇ ದಿನಗಳಲ್ಲಿ ನಮ್ಮ ಸೊಸೈಟಿಗೆ ನೀರಿನ ಬರ. ದಿನ ಬಿಟ್ಟು ದಿನ ಟ್ಯಾಂಕರ್ ತರಿಸುತ್ತಿದ್ದೆವು. ಗೇಟಿನ ಒಳಗೆ ನಾವು ಬಾಲ್ದಿ ಹಿಡಿದು ಟ್ಯಾಂಕರಿಗೆ ಕಾಯುವುದು, ಗೇಟಿನ ಹೊರಗೆ ಭಾವನ ನೀರು ಹಗಲೂ ರಾತ್ರಿ ಗಟಾರಕ್ಕೆ ಹರಿಯುವುದು! "ಆ ನೀರನ್ನೇ ನಮಗೆ ಕೊಡಬಾರದೇ ಭಾವ? ಪಾಯಿಖಾನೆಗಾದರೂ ಆಗ್ತದೆ," ಎಂದೆ. "ಅದಕ್ಕೆ ಪರ್ಮಿಷನ್ ಇಲ್ಲ ಮಾರಾಯ. ಗಟಾರಕ್ಕೆ ಬಿಡ್ಲಿಕ್ಕೆ ಮಾತ್ರ ಪರ್ಮಿಷನ್ ಉಂಟು," ಎಂದರು ಭಾವ, ಸಂವಿಧಾನ ಓದಿದವರ ಗಾಂಭೀರ್ಯದಿಂದ.

ಹೀಗಿರಲು ಒಂದು ಬುಧವಾರ ನಲ್ಲಿಯೂ ಬರಲಿಲ್ಲ, ಟ್ಯಾಂಕರೂ ಬರಲಿಲ್ಲ. ಬಂದದ್ದು ಸಾನಪಾಡಾದಿಂದ ನನ್ನ ಹೆಂಡತಿಯ ದೊಡ್ಡಪ್ಪ. ಹಿಂದೆ ಹೋಟೆಲು ನಡೆಸಿದವರು, ಎಪ್ಪತ್ತು ದಾಟಿದವರು. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡದಿದ್ದರೆ ನಮ್ಮ ಕಡೆಯವರ ಮಾನ ಉಳಿಯುತ್ತದೆಯೇ? ಅವರು ಬಿಸಿಲಿನಲ್ಲಿ ಬಂದು ಕೂತ ಕೂಡಲೇ ಹೆಂಡತಿ ಬೆಲ್ಲದ ತುಂಡು ತಟ್ಟೆಗೆ ಹಾಕಿ, "ಅಜ್ಜನಿಗೆ ನೀರು ಕೊಡು," ಎಂದು ಮಗಳಿಗೆ ಕೂಗಿದಳು. ಮಗಳು ಠಾಣೆಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಒಂದಕ್ಷರ ಬಾರದು. ಕೊಡದಲ್ಲಿ ನೀರಿಲ್ಲ. ಕಿಟಕಿಯಲ್ಲಿ ನೋಡಿದರೆ ಸಾಲಾಗಿ ತಿಳಿನೀರಿನ ಬಾಟಲಿಗಳು! ಚೀಟಿಯಲ್ಲಿದ್ದದ್ದು ಶರಬತ್ತಿನ ಹೆಸರೋ ವಾರದ ಹೆಸರೋ ಅವಳಿಗೇನು ಗೊತ್ತು? ಒಂದನ್ನೆತ್ತಿ ಲೋಟಕ್ಕೆ ಬಗ್ಗಿಸಿ ಕೊಟ್ಟಳು.

ದೊಡ್ಡಪ್ಪ ಬೆಲ್ಲ ಕಚ್ಚಿ, ಗಟಗಟ ಕುಡಿದು, ಕಣ್ಣು ಮುಚ್ಚಿದರು. ನಂತರ ಕಣ್ಣು ತೆರೆದು, "ಆಹಾ! ಇದು ಊರಿನ ಬಾವಿ ನೀರಲ್ವಾ? ಎಷ್ಟು ವರ್ಷ ಆಯ್ತು ಈ ರುಚಿ ನೋಡದೆ!" ಎಂದು ಇನ್ನೂ ಒಂದು ಲೋಟ ಕೇಳಿದರು. ಉಳಿದದ್ದನ್ನು ಸಾನಪಾಡಾಕ್ಕೆ ಕೊಂಡುಹೋಗುತ್ತೇನೆಂದು ಚೀಲಕ್ಕೂ ಹಾಕಿಕೊಂಡರು. ಅವರು ಅತ್ತ ಹೋಗುತ್ತಲೇ ಭಾವ ಇತ್ತ ಊಟಕ್ಕೆ ಬಂದರು. ಕಿಟಕಿ ನೋಡಿದರು. ವಿಷಯ ತಿಳಿಯಿತು. ಮುದುಕನ ಹೊಟ್ಟೆಯ ಗತಿಯೇನು ಎಂದು ಯಾರಾದರೂ ಕೇಳಿಯಾರು. ಭಾವ ಹಣೆಗೆ ಕೈ ಹಚ್ಚಿ ಹೇಳಿದ್ದೇನು ಗೊತ್ತೇ? "ಅಯ್ಯೋ, ನನ್ನ ಮಂಗಳವಾರ ಕುಡಿದುಬಿಟ್ರಲ್ಲ ಮಾರಾಯ!"

"ಸಾರಿ ಮಾಮಾ, ಮುಝೆ ಲಗಾ ಬಿಸ್ಲೇರಿ ಹೈ," ಎಂದಳು, ಅದನ್ನು ಬಿಸ್ಲೇರಿ ನೀರೆಂದುಕೊಂಡಿದ್ದ ಮಗಳು. ನಾನು ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ. ದೊಡ್ಡಪ್ಪನಿಗೆ ಏನೂ ಆಗಲಿಲ್ಲ. ಹೋಟೆಲು ನಡೆಸಿದ ಹೊಟ್ಟೆ.

ಆದರೆ ಆ ಮಂಗಳವಾರವೇ ಒಂದು ಸಂಗತಿ ನಡೆದಿತ್ತು. ಸೈಟಿನ ಎಂಜಿನಿಯರ್ ಒಬ್ಬ ಚುರುಕು ಯುವಕ. ಕೈಯಲ್ಲಿ ಎರಡು ಫೋನು, ಕಣ್ಣಿಗೆ ಕಪ್ಪು ಕನ್ನಡಕ. ಭಾವನ ನಿಧಾನ ಅವನಿಗೆ ಹಿಡಿಸುತ್ತಿರಲಿಲ್ಲ. ಕೆಲಸ ಬೇಗ ಮುಗಿಯಲಿ ಎಂದು ಹೊಂಡದ ಮೂಲೆಗೆ, ಸರಿಯಾಗಿ ನಮ್ಮ ಕಟ್ಟಡದ ಪಕ್ಕಕ್ಕೆ, ಬಲೆಯೂ ಇಲ್ಲದ ಜಲ್ಲಿಯೂ ಇಲ್ಲದ ಒಂದು ದೊಡ್ಡ ಪಂಪನ್ನು ನೇರವಾಗಿ ಇಳಿಸಿಬಿಟ್ಟಿದ್ದ. ಬುಧವಾರದ ಬಾಟಲಿಯ ತಳದಲ್ಲಿ ಒಂದು ಚಿಟಿಕೆ ಮಣ್ಣು ಕೂತಿತು. ಗುರುವಾರದ್ದರಲ್ಲಿ ಉಗುರಿನಷ್ಟು. ಭಾವ ಆ ಶುಕ್ರವಾರ ಊಟ ಮಾಡಲಿಲ್ಲ. ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಎಂಜಿನಿಯರನ ಕ್ಯಾಬಿನಿಗೆ ಹೊರಟರು. ತಮಾಷೆ ನೋಡಲು ನಾನೂ ಹಿಂದೆ ಹೋದೆ.

ಭಾವ ಮೇಜಿನ ಮೇಲೆ ಬಾಟಲಿಗಳನ್ನು ಸಾಲಾಗಿಟ್ಟು, ಆ ಪಂಪು ತೆಗೆಯಿರಿ, ಮಂಗಳವಾರದಿಂದ ಮಣ್ಣು ಬರುತ್ತಿದೆ ಎಂದು ತಮ್ಮ ಹಿಂದಿಯಲ್ಲಿ ಹೇಳಿದರು. ಹುಡುಗ ಬುದ್ಧಿವಂತ. ಬಾಟಲಿಗಳನ್ನು ಎಣಿಸಿದ.

"ಮಂಗಲ್‌ವಾರ್ ಕಾ ಸ್ಯಾಂಪಲ್ ಕಿಧರ್ ಹೈ, ಚಾಚಾ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಭಾವ ನೆಟ್ಟಗೆ ನಿಂತು ಹೇಳಿದರು: "ವೋ ಮೆಹಮಾನ್ ಪೀ ಗಯಾ, ಸಾಬ್."

ಮಂಗಳವಾರವನ್ನು ನೆಂಟರು ಕುಡಿದರಂತೆ! ಕ್ಯಾಬಿನಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತು. ಮಣ್ಣು ಯಾವಾಗ ಶುರುವಾಯಿತು ಎನ್ನಲು ಇದ್ದ ಒಂದೇ ಸಾಕ್ಷಿ ನನ್ನ ಮನೆಯಲ್ಲಿ ಬೆಲ್ಲದ ಜೊತೆ ಮುಗಿದುಹೋಗಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಎಲ್ಲರ ಜೊತೆ ನಕ್ಕೆ, ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಮ್ಮ ಹಿತ್ತಲಿನ ಗಿಡ ಅಂದು ನನ್ನ ಮುಖವನ್ನೊಮ್ಮೆ ನೋಡಿ, ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಹೋಯಿತು.

ಮರುದಿನ ಶನಿವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ಪೇಪರು ಓದುತ್ತಿದ್ದೆ. ಭಾವ ಕೆಳಗಿನಿಂದ ಕೂಗಿಕೊಂಡರು. "ಎಲ್ರೂ ಕೆಳಗೆ ಬನ್ನಿ! ಬಾಹರ್ ನಿಕ್ಲೋ!" ಮೂವತ್ತು ವರ್ಷಗಳಲ್ಲಿ ಅವರ ದನಿ ಏರಿದ್ದನ್ನು ನಾನು ಕೇಳಿದ್ದಿಲ್ಲ. ಹದಿನಾರು ಮನೆಯವರೂ ಇಳಿದು ಬಂದೆವು. ನನ್ನ ಹೆಂಡತಿ ಕುಕ್ಕರನ್ನೇ ಎತ್ತಿಕೊಂಡು ಬಂದಿದ್ದಳು, ಇನ್ನೂ ಎರಡು ಸೀಟಿ ಬಾಕಿ ಇತ್ತಂತೆ. ಹೊಂಡದ ಮೂಲೆಯಲ್ಲಿ, ಆ ಬೋಳು ಪಂಪಿನ ಪಕ್ಕದಲ್ಲಿ, ನೆಲದೊಳಗಿಂದ ಮಣ್ಣುನೀರು ಗಂಜಿ ಕುದಿಯುವ ಹಾಗೆ ಕೊತಕೊತ ಮೇಲೇಳುತ್ತಿತ್ತು. ನಮ್ಮ ಕಂಪೌಂಡ್ ಗೋಡೆ ಕಣ್ಣೆದುರಿಗೇ ಹೊಂಡದ ಕಡೆಗೆ ವಾಲಿತು. ಮೆಟ್ಟಿಲಿನ ಬುಡದಲ್ಲಿ ಕೈಬೆರಳು ಹೋಗುವಷ್ಟು ಬಿರುಕು ಬಾಯಿಬಿಟ್ಟಿತು. ಆ ಬಿರುಕನ್ನು ನೋಡಿದ ಮೇಲೆ ನನ್ನ ಬಾಯಲ್ಲಿ ಒಂದು ತಮಾಷೆಯೂ ಉಳಿಯಲಿಲ್ಲ.

ಎಂಜಿನಿಯರ್ ಸಾಹೇಬರು ಕಲ್ಯಾಣದಲ್ಲಿ ಮೀಟಿಂಗಿನಲ್ಲಿದ್ದರು. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: ಪಂಪು ನಿಲ್ಲಿಸಬೇಡಿ, ಇನ್ನೆರಡು ಪಂಪು ಹಾಕಿ ನೀರು ಎಳೆಯಿರಿ, ಸೋಮವಾರ ಕಾಂಕ್ರೀಟು ಬರುತ್ತದೆ. ಭಾವ ಫೋನನ್ನು ಜೇಬಿಗೆ ಹಾಕಿದರು. ಮತ್ತೆ ತೆಗೆದು ಯಾರಿಗೋ ಒಂದು ಕಾಲ್ ಮಾಡಿ ಅರ್ಧ ನಿಮಿಷ ಮಾತಾಡಿದರು. ಹೊಂಡದೊಳಗಿದ್ದ ಕೆಲಸದವರೆಲ್ಲ ಮೇಲೆ ಬಂದರೆಂದು ತಲೆ ಎಣಿಸಿದರು. ಆಮೇಲೆ ಹೋಗಿ ಮೇನ್ ಸ್ವಿಚ್ ಎಳೆದರು. ಎಲ್ಲ ಪಂಪುಗಳೂ ನಿಂತವು. ಅಷ್ಟು ಸಾಲದೆಂದು ಎರಡು ಡೀಸೆಲ್ ಪಂಪುಗಳನ್ನು ಕೆರೆಯ ದಂಡೆಗೆ ಒಯ್ದು, ನಮ್ಮ ಗೇಟಿನೊಳಗಿಂದ ಪೈಪು ಎಳೆಸಿ, ಕೆರೆಯ ನೀರನ್ನು ತಾವೇ ಹೊಂಡಕ್ಕೆ ಬಿಡಿಸಿದರು!

"ಭಾವ, ತಲೆ ಕೆಟ್ಟಿದೆಯಾ? ತೆಗಿಬೇಕಾದ ನೀರನ್ನು ತುಂಬಿಸ್ತಾ ಇದ್ದೀರಲ್ಲ!" ಎಂದು ನಾನು ಕಿರುಚಿದೆ.

"ಹೊಂಡ ಖಾಲಿ ಇದ್ರೆ ಆಚೆ ನೀರು ಈಚೆಗೆ ನುಗ್ತದೆ, ಮಣ್ಣನ್ನೂ ಎಳ್ಕೊಂಡು ಬರ್ತದೆ. ಹೊಂಡ ತುಂಬಿದ್ರೆ ನೀರು ನಿಲ್ತದೆ. ನೀರು ನಿಂತ್ರೆ ಮಣ್ಣೂ ನಿಲ್ತದೆ. ಪೈಪ್ ಮೇಲೆ ನಿಲ್ಬೇಡ, ಆಚೆ ಹೋಗು," ಎಂದರು.

ಸಂಜೆಯ ಹೊತ್ತಿಗೆ ಹೊಂಡ ಇನ್ನೊಂದು ಕೆರೆಯಾಯಿತು. ಅದರೊಳಗೆ ಒಂದು ಜೆಸಿಬಿ ಕೊರಳವರೆಗೆ ಮುಳುಗಿ ನಿಂತಿತ್ತು. ಕಾಂಕ್ರೀಟಿಗೆಂದು ಕಟ್ಟಿದ ಕಬ್ಬಿಣವೆಲ್ಲ ನೀರಿನಡಿ ಹೋಗಿತ್ತು. ನಮ್ಮ ಕಟ್ಟಡ ಅಲ್ಲಾಡಲಿಲ್ಲ. ಬಿಲ್ಡರ್ ಬಂದು ಜೆಸಿಬಿಯನ್ನು ನೋಡಿದ, ಕಟ್ಟಡವನ್ನು ನೋಡಲಿಲ್ಲ. ಅವನ ಒಂದು ಮಾತಿಗೆ ಭಾವನ ಕೆಲಸ ಅಲ್ಲಿಯೇ ಹೋಯಿತು.

ಎರಡು ದಿನ ಬಿಟ್ಟು ಹೊರಗಿನಿಂದ ಒಬ್ಬ ಹಿರಿಯ ತಜ್ಞರನ್ನು ಕರೆಸಿದರು. ಅವರು ಎಲ್ಲವನ್ನೂ ಅಳೆದು ನೋಡಿ, ಇನ್ನೊಂದು ಗಂಟೆ ಪಂಪು ನಡೆದಿದ್ದರೆ ಈ ಕಟ್ಟಡದ ಈ ಮೂಲೆ ಇರುತ್ತಿರಲಿಲ್ಲ, ಹೊಂಡಕ್ಕೆ ನೀರು ಬಿಟ್ಟವರು ಯಾರು, ಎಂದು ಕೇಳಿದರು. ಎಂಜಿನಿಯರ್ ಕಾಲರ್ ಸರಿಮಾಡಿಕೊಂಡು ಹೇಳಿದ, "ಹಮಾರಾ ಟೀಮ್ ಕಾ ಡಿಸಿಷನ್ ಥಾ, ಸರ್." ಪಂಪನ್ನು ಇಳಿಸಿದ್ದು ಅವನ ಟೀಮು. ನಿಲ್ಲಿಸಿದ್ದೂ ಅವನದೇ ಟೀಮು! ನಮ್ಮ ಸೊಸೈಟಿಯವರು ಇನ್ನೂ ಮುಂದಕ್ಕೆ ಹೋದರು. ಕಟ್ಟಡ ಉಳಿಸಿದ ಮಹನೀಯನೆಂದು ಅವನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನಿಸಿದರು. ಸತ್ಯ ಹದಿನಾರು ಮನೆಗಳಿಗೂ ಗೊತ್ತಿತ್ತು. ಆದರೆ ಬಿಲ್ಡರ್ ಕಂಪೌಂಡ್ ಗೋಡೆ ಕಟ್ಟಿಸಿ, ಇಡೀ ಕಟ್ಟಡಕ್ಕೆ ಪುಕ್ಕಟೆ ಬಣ್ಣ ಹೊಡೆಸಿಕೊಡುತ್ತೇನೆ ಎಂದಿದ್ದ. ಪುಕ್ಕಟೆ ಬಣ್ಣದ ಮುಂದೆ ಯಾರ ಬಾಯಿ ಏಳುತ್ತದೆ? ಕಮಿಟಿಯವರು ನನ್ನ ಕಡೆ ನೋಡಿದರು. ನಾನು ಚಪ್ಪಾಳೆ ತಟ್ಟಿದೆ.

ಮನೆಗೆ ಬಂದು ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಮುಂದಿನ ಆದಿತ್ಯವಾರ ಠಾಕುರ್ಲಿಗೆ ಹೋದೆ. ಭಾವ ಪಡಸಾಲೆಯಲ್ಲಿ ಚಾಪೆ ಹಾಸಿ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಅರವತ್ತು ದಾಟಿದವರಿಗೆ ಇನ್ನು ಯಾರು ಕೆಲಸ ಕೊಡುತ್ತಾರೆ, ಇನ್ನಾದರೂ ಬಾಯಿಬಿಟ್ಟು ಸತ್ಯ ಹೇಳಬೇಕಲ್ಲವೇ ಎಂದು ನಾನು ಅಕ್ಕನ ಮೇಲೆ ರೇಗಿದೆ. ಚಪ್ಪಾಳೆ ತಟ್ಟಿ ಬಂದವನಿಗೆ ಎಂಥ ರೋಷ ನೋಡಿ!

ಅಕ್ಕ ಸೌತೆಕಾಯಿ ಹೆಚ್ಚುತ್ತಿದ್ದವಳು ತಲೆ ಎತ್ತದೆ ಹೇಳಿದಳು. "ಅವರಿಗೆ ಗೊತ್ತಿತ್ತು ಮಾರಾಯ. ನೀರು ಬಿಡುವ ಮೊದ್ಲು ನನಗೆ ಫೋನ್ ಮಾಡಿದ್ರು. 'ಬಿಟ್ರೆ ಇವತ್ತೇ ಕೆಲಸ ಹೋಗ್ತದೆ. ಬಿಡ್ಲಾ?' ಅಂತ ಕೇಳಿದ್ರು. ಮೂವತ್ತು ವರ್ಷದಲ್ಲಿ ಒಂದು ಮಾತಿಗೂ ನನ್ನನ್ನು ಕೇಳಿದವರಲ್ಲ."

"ನೀನೆಂತ ಹೇಳಿದೆ?"

"ಕೇಳ್ತಾ ನಿಂತದ್ದೆಂತಕ್ಕೆ, ಮೊದ್ಲು ಬಿಡಿ ಅಂದೆ. ಅಲ್ಲಿ ನನ್ನ ತಮ್ಮ ಇದ್ದಾನೆ ಅಂದೆ."

ಇಬ್ಬರ ದನಿ ಕೇಳಿ ಭಾವನಿಗೆ ಎಚ್ಚರವಾಯಿತು. ಮಲಗಿದಲ್ಲಿಂದಲೇ, "ಯಾವಾಗ ಬಂದದ್ದು? ಆ ಹುಡುಗನಿಗೆ ಸನ್ಮಾನ ಆಯ್ತಂತಲ್ಲ, ಒಳ್ಳೇದಾಯ್ತು. ಇನ್ನು ಅವ ಬಲೆ ಸುತ್ತದೆ ಪಂಪು ಇಳಿಸುದಿಲ್ಲ," ಎಂದರು. ಮೊಣಕೈ ಊರಿ ಎದ್ದು ಕೇಳಿದರು, "ನಿಮ್ಮ ಮನೆ ಬಾಗಿಲುಗಳೆಲ್ಲ ಸರಿಯಾಗಿ ಹಾಕ್ಲಿಕ್ಕೆ ಆಗ್ತದಾ? ಎಲ್ಲಿಯೂ ಬಿಗಿ ಹಿಡಿಯುದಿಲ್ವಲ್ಲ? ಬಿಗಿ ಹಿಡಿದ್ರೆ ಕಟ್ಟಡ ಇನ್ನೂ ನೆಲಕ್ಕೆ ಕೂರ್ತಾ ಉಂಟು ಅಂತ ಅರ್ಥ."

"ಎಲ್ಲ ಬಾಗಿಲೂ ಸರಿಯಾಗಿ ಹಾಕ್ಲಿಕ್ಕೆ ಆಗ್ತದೆ ಭಾವ," ಎಂದೆ.

"ಹಾಗಾದ್ರೆ ಸಾಕು," ಎಂದು ಅವರು ಮತ್ತೆ ಗೋಡೆಯ ಕಡೆ ಹೊರಳಿ ಮಲಗಿದರು. ಅವರ ಮದುವೆಯ ದಿನ ಹಿರಿಯರು ಗದರಿಸಿದರೆಂದು ನಾನು ಅವಸರದಲ್ಲಿ ಮುಟ್ಟಿ ನಮಸ್ಕರಿಸಿದ್ದ ಕಾಲುಗಳನ್ನು ಅಂದು ಯಾರೂ ಹೇಳದೆ ಎರಡೂ ಕೈಯಿಂದ ಹಿಡಿದುಕೊಂಡೆ.

"ಎಂತ ಮಾರಾಯ, ಕಚಗುಳಿ ಇಡ್ತೀಯಾ?" ಎಂದರು ಭಾವ. ಕಾಲನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.